ಅಂಕ ಸಿಕ್ಕ ಮೇಲೆ: ಕ್ಯಾನ್ಸರ್ ಹೊರರೋಗಿಗಳ ಮನೋಸಾಮಾಜಿಕ ತಪಾಸಣೆ ಕುರಿತು

ಕ್ಯಾನ್ಸರ್ ಓಪಿಡಿಯಲ್ಲಿ ರೋಗಿಯ ಸಂಕಟ ಅಳೆಯಲು ಸಾಧನಗಳಿಗೇನೂ ಕೊರತೆಯಿಲ್ಲ. ಹೆಚ್ಚು ಬಳಕೆಯಲ್ಲಿರುವುದು ನ್ಯೂಯಾರ್ಕಿನ ಮನೋವೈದ್ಯೆ ಜಿಮ್ಮಿ ಹಾಲೆಂಡ್ ಮತ್ತು ಸಂಗಡಿಗರು 1990ರ ದಶಕದ ಕೊನೆಯಲ್ಲಿ ಬಳಕೆಗೆ ತಂದ ಡಿಸ್ಟ್ರೆಸ್ ಥರ್ಮಾಮೀಟರ್. ಕಾಗದದ ಮೇಲೊಂದು ಥರ್ಮಾಮೀಟರಿನ ಚಿತ್ರ, ಅದರಲ್ಲಿ 0ಯಿಂದ 10ರವರೆಗೆ ಅಂಕಗಳು. ಕಳೆದ ಒಂದು ವಾರ ಹೇಗಿತ್ತೆಂದು ರೋಗಿ ಗುರುತು ಹಾಕಬೇಕು. 4 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮುಂದಿನ ವಿಚಾರಣೆ. ಜೊತೆಗೆ ಸಮಸ್ಯೆಗಳ ಒಂದು ಪಟ್ಟಿಯೂ ಇರುತ್ತದೆ: ಬಂದುಹೋಗುವ ವ್ಯವಸ್ಥೆ, ಮಕ್ಕಳನ್ನು ನೋಡಿಕೊಳ್ಳುವವರು, ಕೆಲಸ, ಭಯ, ನಿದ್ರೆ, ನೋವು.

ಈ ಅಂಕದಿಂದ ರೋಗಿಗೆ ಆಗುವ ಉಪಕಾರವೇನು? ಇದಕ್ಕೆ ನನಗೆ ತೃಪ್ತಿಕೊಟ್ಟ ಉತ್ತರ ಸ್ಕಾಟ್ಲೆಂಡಿನದು. ಅಲ್ಲಿನ ಕ್ಯಾನ್ಸರ್ ಕೇಂದ್ರಗಳ ಹೊರರೋಗಿ ವಿಭಾಗಗಳಲ್ಲಿ ಎರಡು ಹಂತದ ಜರಡಿಯಿತ್ತು. ಮೊದಲು ಜಿಗ್ಮಂಡ್ ಮತ್ತು ಸ್ನೇತ್ 1983ರಲ್ಲಿ ರಚಿಸಿದ 14 ಪ್ರಶ್ನೆಗಳ ಆತಂಕ-ಖಿನ್ನತೆ ಪ್ರಶ್ನಾವಳಿ. ಅದರಲ್ಲಿ 15 ಅಥವಾ ಹೆಚ್ಚು ಅಂಕ ಪಡೆದವರಿಗೆ ಫೋನಿನಲ್ಲಿ ವಿವರವಾದ ಸಂದರ್ಶನ. ಎರಡನೆಯ ಹಂತ ಬೇಕೇ ಬೇಕು. ತೂಕ ಇಳಿಯುವುದು, ನಿದ್ದೆಗೆಡುವುದು ಮುಂತಾದ ದೇಹದ ಲಕ್ಷಣಗಳನ್ನು ಆ ಪ್ರಶ್ನಾವಳಿ ಬೇಕೆಂದೇ ದೂರವಿಟ್ಟಿದೆ. ಆದರೂ ಎಲ್ಲವೂ ನಿಧಾನವಾದಂತೆ ಅನಿಸುತ್ತದೆಯೇ ಎಂಬ ಪ್ರಶ್ನೆ ಉಳಿದುಕೊಂಡಿದೆ. ಕೀಮೋ ಪಡೆಯುತ್ತಿರುವವರು ಇದಕ್ಕೆ ಹೌದೆಂದರೆ ಅದು ಖಿನ್ನತೆಯೋ ಔಷಧದ ಸುಸ್ತೋ ಎಂದು ಕಾಗದ ಹೇಳುವುದಿಲ್ಲ.

ಹೀಗೆ ತಪಾಸಣೆಯಾದ 21,151 ರೋಗಿಗಳ ವಿವರ 2014ರಲ್ಲಿ ಪ್ರಕಟವಾಯಿತು. ತೀವ್ರ ಖಿನ್ನತೆ ಶ್ವಾಸಕೋಶ ಕ್ಯಾನ್ಸರಿನವರಲ್ಲಿ ಶೇ. 13.1, ಸ್ತನ ಕ್ಯಾನ್ಸರಿನವರಲ್ಲಿ ಶೇ. 9.3. ಖಿನ್ನತೆಯಿದ್ದವರಲ್ಲಿ ಶೇ. 73 ಮಂದಿಗೆ ಉಪಯುಕ್ತವಾಗಬಲ್ಲ ಚಿಕಿತ್ಸೆಯೇ ಸಿಗುತ್ತಿರಲಿಲ್ಲ. ಅದೇ ವರ್ಷ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ, 500 ರೋಗಿಗಳ ಪ್ರಯೋಗ ಇನ್ನೂ ಮುಖ್ಯ. ಒಂದು ಗುಂಪಿಗೆ ತರಬೇತಾದ ಕ್ಯಾನ್ಸರ್ ನರ್ಸ್‌ಗಳು ಮತ್ತು ಮನೋವೈದ್ಯರು ಸೇರಿ ಚಿಕಿತ್ಸೆ ಕೊಟ್ಟರು. 24 ವಾರಗಳಲ್ಲಿ ಶೇ. 62 ಮಂದಿಯ ಖಿನ್ನತೆ ಅರ್ಧಕ್ಕಾದರೂ ಇಳಿಯಿತು. ಇನ್ನೊಂದು ಗುಂಪಿನಲ್ಲಿ ಆ ಪ್ರಮಾಣ ಶೇ. 17. ಓದುಗರು ಸಾಮಾನ್ಯವಾಗಿ ಇಲ್ಲಿ ದಾಟಿಹೋಗುವ ವಿವರವೊಂದಿದೆ: ಈ ಎರಡನೆಯ ಗುಂಪಿನವರ ಖಿನ್ನತೆಯೂ ಗುಟ್ಟಾಗಿರಲಿಲ್ಲ. ಅವರ ಕುಟುಂಬವೈದ್ಯರಿಗೂ ಕ್ಯಾನ್ಸರ್ ತಜ್ಞರಿಗೂ ವಿಷಯ ತಿಳಿಸಲಾಗಿತ್ತು. ಅಂದರೆ ಹೋಲಿಕೆ ನಡೆದದ್ದು ಪತ್ತೆಯಾದದ್ದಕ್ಕೂ ಆಗದ್ದಕ್ಕೂ ಅಲ್ಲ. ಎರಡೂ ಕಡೆ ಪತ್ತೆಯಾಗಿತ್ತು. ಮುಂದಿನ ಏರ್ಪಾಡು ಒಂದೇ ಕಡೆ ಇತ್ತು.

ಈ ಪ್ರಯೋಗಕ್ಕೂ ಒಂದು ಮಿತಿಯಿದೆ. ಅದರ ಮುಖ್ಯ ಅಳತೆ ಖಿನ್ನತೆ. ಬಸ್ ಚಾರ್ಜು, ತಪ್ಪಿದ ಕೂಲಿ, ಮನೆಯಲ್ಲಿ ಬಿಟ್ಟುಬಂದ ಮಗು ಆ ಅಳತೆಯೊಳಗೆ ಬರುವುದಿಲ್ಲ. ಇವುಗಳಿಗೆ ಮನೋವೈದ್ಯರಿಗಿಂತ ಸಮಾಜ ಕಾರ್ಯಕರ್ತರೇ ಬೇಕು.

ನಮ್ಮಲ್ಲಿ ಇನ್ನೊಂದು ತೊಡಕು. ಫಾರಂ ಕೊಟ್ಟೊಡನೆ ಕೈ ಚಾಚುವವನು ಮಗನೋ ಅಳಿಯನೋ. ‘ಅವರಿಗೆ ಗಡ್ಡೆ ಅಂತ ಮಾತ್ರ ಹೇಳಿದ್ದೀವಿ ಸಾರ್’ ಎಂಬ ಪಿಸುಮಾತು ಕ್ಯಾನ್ಸರ್ ಓಪಿಡಿಗೆ ಹೊಸದಲ್ಲ. ರೋಗವೇನೆಂಬ ಅರಿವಿಗೂ ಮಾನಸಿಕ ತೊಂದರೆಗೂ ಇರುವ ನಂಟನ್ನು ನಿಮ್ಹಾನ್ಸ್‌ನ ಪ್ರಭಾ ಚಂದ್ರ, ಸಂತೋಷ್ ಚತುರ್ವೇದಿ ಮೊದಲಾದವರು 1990ರ ದಶಕದಲ್ಲೇ ದಕ್ಷಿಣ ಭಾರತದ ರೋಗಿಗಳಲ್ಲಿ ಅಧ್ಯಯನ ಮಾಡಿದ್ದರು. ತನಗಿರುವ ರೋಗ ತಿಳಿಯದವರು, ಮನೆಯವರು ಪಕ್ಕದಲ್ಲೇ ಕೂತಿರುವಾಗ 2ರ ಮೇಲೆ ಗುರುತು ಹಾಕಿದರೆ ಅದನ್ನು ನೆಮ್ಮದಿಯೆಂದು ದಾಖಲಿಸಲು ನಾನಂತೂ ಹಿಂಜರಿಯುತ್ತೇನೆ. ಹೀಗಾಗಿ ನಮ್ಮ ಫಾರಂನಲ್ಲಿ ಅಂಕದ ಪಕ್ಕದಲ್ಲೇ ಎರಡು ಸಾಲು ಸೇರಿಸಬೇಕು: ಗುರುತು ಹಾಕಿದವರು ಯಾರು, ಆಗ ಜೊತೆಯಲ್ಲಿ ಯಾರಿದ್ದರು.