ಅಫೀಮು ವರ್ಗದ ವ್ಯಸನ: ಚೇತರಿಕೆ ಮತ್ತು ಕುಟುಂಬ

ಗಸಗಸೆ ಗಿಡದ ಕಾಯಿಯಿಂದ ಸ್ರವಿಸುವ ಹಾಲು ಗಟ್ಟಿಯಾದಾಗ ಅಫೀಮು ದೊರೆಯುತ್ತದೆ. ಅದರಲ್ಲಿರುವ ಮಾರ್ಫಿನ್, ಕೊಡೀನ್, ಮಾರ್ಫಿನ್‌ನಿಂದ ತಯಾರಾಗುವ ಹೆರಾಯಿನ್ ಹಾಗೂ ಪ್ರಯೋಗಾಲಯದಲ್ಲಿ ಸಿದ್ಧವಾಗುವ ಟ್ರಮಡಾಲ್, ಫೆಂಟನಿಲ್ ಮೊದಲಾದವನ್ನು ಒಟ್ಟಾಗಿ ಒಪಿಯಾಯ್ಡ್‌ಗಳೆನ್ನುತ್ತಾರೆ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯವು 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ಸುಮಾರು 2.26 ಕೋಟಿ ಜನ ಇವನ್ನು ಬಳಸುತ್ತಿದ್ದರು. ಅವರಲ್ಲಿ ಸುಮಾರು 77 ಲಕ್ಷ ಮಂದಿಗೆ ನೆರವಿನ ಅಗತ್ಯವಿತ್ತು.

ಮನೆಗೆ ಮರಳಿದ ಮೇಲೆ

ಬಳಕೆ ನಿಂತೊಡನೆ ಮೈಕೈ ನೋವು, ಬೆವರು, ವಾಂತಿ, ಭೇದಿ, ನಿದ್ರಾಹೀನತೆ ಕಾಡುತ್ತವೆ. ಹೆರಾಯಿನ್ ವ್ಯಸನಿಗಳಲ್ಲಿ ಈ ಯಾತನೆಯ ತೀವ್ರತೆ ಸಾಮಾನ್ಯವಾಗಿ ಒಂದು ವಾರದಲ್ಲಿ ತಗ್ಗುತ್ತದೆ. ರೋಗ ವಾಸಿಯಾಯಿತೆಂದು ಮನೆಯವರು ನಿಟ್ಟುಸಿರು ಬಿಡುವುದು ಆಗಲೇ. ಅತ್ಯಂತ ಅಪಾಯದ ಅವಧಿ ಆರಂಭವಾಗುವುದೂ ಆಗಲೇ. ದೇಹದ ಸಹಿಷ್ಣುತೆ ಕುಗ್ಗಿರುತ್ತದೆ, ಬಯಕೆ ಮಾತ್ರ ಉಳಿದಿರುತ್ತದೆ. ಹಳೆಯ ಪ್ರಮಾಣವನ್ನೇ ಮತ್ತೊಮ್ಮೆ ಸೇವಿಸಿದರೆ ಉಸಿರಾಟ ನಿಂತು ಸಾವು ಸಂಭವಿಸಬಹುದು.

ಈ ಕಾರಣದಿಂದಲೇ ಬ್ಯುಪ್ರೆನಾರ್ಫಿನ್ ಅಥವಾ ಮೆಥಡೋನ್ ಔಷಧವನ್ನು ವೈದ್ಯರ ನಿಗಾದಲ್ಲಿ ದೀರ್ಘಕಾಲ ನೀಡಲಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಇವೆರಡನ್ನೂ ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಒಂದು ಚಟದ ಬದಲು ಇನ್ನೊಂದು ಚಟವೆಂದು ಭಾವಿಸಿ ಮನೆಯವರೇ ಔಷಧ ನಿಲ್ಲಿಸುವುದುಂಟು. ಮಧುಮೇಹಕ್ಕೆ ಇನ್ಸುಲಿನ್ ಹೇಗೋ, ಈ ರೋಗಕ್ಕೆ ಈ ಔಷಧ ಹಾಗೆ.

ಮನೆಯವರ ಕರ್ತವ್ಯ

ಔಷಧದ ವೇಳೆ ತಪ್ಪದಂತೆ ನೋಡುವುದು, ಕೈಗೆ ಹೆಚ್ಚು ಹಣ ಕೊಡದಿರುವುದು, ಮತ್ತೆ ಬಳಸಿದ್ದು ತಿಳಿದರೆ ಬಯ್ದು ಹೊರಹಾಕದೆ ವೈದ್ಯರಿಗೆ ತಿಳಿಸುವುದು ಮುಖ್ಯ. ಉಸಿರು ನಿಧಾನವಾಗಿ, ತುಟಿ ನೀಲಿಗಟ್ಟಿ, ಕರೆದರೂ ಓಗೊಡದಿದ್ದರೆ 108ಕ್ಕೆ ಕರೆ ಮಾಡಬೇಕು. ಉಸಿರಾಡುತ್ತಿದ್ದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು. ನಲಾಕ್ಸೋನ್ ಎಂಬ ಔಷಧ ಇಂಥ ವೇಳೆ ಜೀವ ಉಳಿಸಬಲ್ಲದು.

ಕುಟುಂಬಕ್ಕೆ ಕುಟುಂಬದ ಆಸರೆ

ವ್ಯಸನಿಗಿಂತ ಮೊದಲು ಮೌನಕ್ಕೆ ಶರಣಾಗುವುದು ಅವರ ಮನೆ. ಮರ್ಯಾದೆಗೆ ಅಂಜಿ ನೆಂಟರಿಂದ ದೂರವಾಗುವ ತಾಯಿ ತಂದೆಯರಿಗೆ ಅದೇ ದಾರಿಯಲ್ಲಿ ನಡೆದು ಬಂದವರ ಮಾತು ವೈದ್ಯರ ಸಲಹೆಯಷ್ಟೇ ಬೆಲೆಯುಳ್ಳದ್ದು. ಮಾದಕವ್ಯಸನಿಗಳ ಬಂಧುಗಳಿಗಾಗಿ ಅಮೆರಿಕದಲ್ಲಿ ಹುಟ್ಟಿದ ನಾರ್-ಅನಾನ್ ಕೂಟಗಳು ಈ ತತ್ವದ ಮೇಲೆಯೇ ನಡೆಯುತ್ತವೆ. ಪತಿಯನ್ನು ಮದ್ಯವ್ಯಸನಕ್ಕೆ ಕಳೆದುಕೊಂಡ ಶಾಂತಿ ರಂಗನಾಥನ್ 1980ರಲ್ಲಿ ಮದರಾಸಿನಲ್ಲಿ ಟಿ.ಟಿ. ರಂಗನಾಥನ್ ಕ್ಲಿನಿಕಲ್ ರಿಸರ್ಚ್ ಫೌಂಡೇಷನ್ ಸ್ಥಾಪಿಸಿದರು. ಮದ್ಯ ಹಾಗೂ ಮಾದಕ ವ್ಯಸನಿಗಳೊಂದಿಗೆ ಅವರ ಕುಟುಂಬಕ್ಕೂ ಚಿಕಿತ್ಸೆ ಬೇಕೆಂಬುದನ್ನು ಆ ಸಂಸ್ಥೆ ಆಚರಣೆಗೆ ತಂದಿತು. 1992ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು.

ಕಾನೂನಿನ ಭಯದಿಂದ ಚಿಕಿತ್ಸೆ ಮುಂದೂಡುವವರು ತಿಳಿಯಬೇಕಾದ ಸಂಗತಿಯೊಂದಿದೆ. 1985ರ ಮಾದಕದ್ರವ್ಯ ಕಾಯಿದೆಯ 64ಎ ಕಲಮು, ಸೇವನೆ ಅಥವಾ ಅಲ್ಪ ಪ್ರಮಾಣದ ಅಪರಾಧದಲ್ಲಿ ಸಿಲುಕಿದ ವ್ಯಸನಿಯು ಸ್ವಇಚ್ಛೆಯಿಂದ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆ ಪೂರೈಸಿದರೆ ಮೊಕದ್ದಮೆಯಿಂದ ರಕ್ಷಣೆ ನೀಡುತ್ತದೆ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ರಾಷ್ಟ್ರೀಯ ವ್ಯಸನಮುಕ್ತಿ ಸಹಾಯವಾಣಿಯ ಸಂಖ್ಯೆ 14446. ಇದಕ್ಕೆ ವ್ಯಸನಿಯೇ ಕರೆ ಮಾಡಬೇಕೆಂದಿಲ್ಲ, ಮನೆಯವರೂ ಮಾಡಬಹುದು.