ಕೂತಲ್ಲೇ ನಿದ್ದೆ ಹೋಗುತ್ತಿದ್ದವರು

ನಾನು ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಪಾಠ ಹೇಳಲು ಸೇರಿದ ಹೊಸತರಲ್ಲಿ ನಮ್ಮೊಡನೆ ಚಿತ್ರಕಲೆಯ ಮೇಷ್ಟ್ರೊಬ್ಬರಿದ್ದರು. ನಿವೃತ್ತಿಯ ಅಂಚಿನಲ್ಲಿದ್ದವರು, ಸ್ಥೂಲದೇಹಿ. ಅಧ್ಯಾಪಕರ ಕೊಠಡಿಯಲ್ಲಿ ಕುರ್ಚಿಗೆ ಒರಗಿದರೆ ಎರಡೇ ನಿಮಿಷದಲ್ಲಿ ಗೊರಕೆ. ಒಮ್ಮೆ ಪರೀಕ್ಷೆಯ ಮೇಲ್ವಿಚಾರಣೆಯಲ್ಲಿ ನಿಂತಂತೆಯೇ ತೂಕಡಿಸಿ, ಕೈಯಲ್ಲಿದ್ದ ಉತ್ತರಪತ್ರಿಕೆಗಳೆಲ್ಲ ನೆಲಕ್ಕೆ ಚೆಲ್ಲಿದವು. ಉಳಿದವರು ಅವರನ್ನು ಕುಂಭಕರ್ಣ ಎನ್ನುತ್ತಿದ್ದರು. ಡಿಕನ್ಸನನ್ನು ಓದಿಕೊಂಡ ಜಂಬದಲ್ಲಿದ್ದ ನಾನು ‘ಜೋ’ ಎಂದು ಹೆಸರಿಟ್ಟೆ. ಆ ಹೆಸರೇ ನಿಂತಿತು. ಅದು ಅವರಿಗೂ ತಿಳಿದಿತ್ತು. “ಏನು ಮಾಡಲಿ ಮೇಷ್ಟ್ರೇ, ರಾತ್ರಿಯೆಲ್ಲ ಮಲಗಿಯೇ ಇರ್ತೀನಿ. ಬೆಳಗಾದರೆ ನಿದ್ದೆಯೇ ಮಾಡಿಲ್ಲವೇನೋ ಅನ್ನಿಸುತ್ತೆ” ಎಂದು ಒಮ್ಮೆ ನನ್ನೊಡನೆ ಹೇಳಿಕೊಂಡಿದ್ದರು. ನಾನು ನಕ್ಕು ಸುಮ್ಮನಾದೆ. ಅವರ ಕಾಯಿಲೆಯ ಲಕ್ಷಣವೆಲ್ಲ ಆ ಒಂದು ಮಾತಿನಲ್ಲಿ ಇದ್ದಿರಬೇಕೆಂದು ಅರಿಯಲು ನನಗೆ ನಲವತ್ತು ವರ್ಷ ಹಿಡಿಯಿತು.

ಜೋ ಎಂಬುವನು ಚಾರ್ಲ್ಸ್ ಡಿಕನ್ಸನ ‘ಪಿಕ್‌ವಿಕ್ ಪೇಪರ್ಸ್’ ಕಾದಂಬರಿಯ ದಡೂತಿ ಹುಡುಗ. 1836-37ರಲ್ಲಿ ಕಂತುಗಳಾಗಿ ಪ್ರಕಟವಾದ ಆ ಕೃತಿಯಲ್ಲಿ ಅವನ ಕೆಲಸ ಎರಡೇ: ತಿನ್ನುವುದು, ಕೆಲಸದ ನಡುವೆಯೇ ನಿದ್ದೆ ಹೋಗುವುದು. ಓದುಗರು ನಕ್ಕರು. ನಾನೂ ತರಗತಿಯಲ್ಲಿ ಅವನ ಕಥೆ ಹೇಳಿ ಮಕ್ಕಳನ್ನು ನಗಿಸಿದ್ದೇನೆ. ದಪ್ಪಗಿರುವವನು ನಿದ್ದೆ ಮಾಡುತ್ತಾನೆ, ಏಕೆಂದರೆ ಅವನು ಸೋಮಾರಿ, ಸೋಮಾರಿಯಾದುದರಿಂದಲೇ ದಪ್ಪಗಿದ್ದಾನೆ. ಇಷ್ಟಕ್ಕೇ ಎಲ್ಲರ ತರ್ಕ ಮುಗಿಯುತ್ತಿತ್ತು.

ನಮ್ಮ ಪ್ರಾಚೀನರು ಇದಕ್ಕಿಂತ ಸೂಕ್ಷ್ಮವಾಗಿ ಯೋಚಿಸಿದ್ದರು. ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯವು ಅತಿಸ್ಥೂಲರನ್ನೂ ಅತಿಕೃಶರನ್ನೂ ಕುರಿತದ್ದು. ನಿದ್ರೆಯ ವಿಚಾರ ಬರುವುದೂ ಅದೇ ಅಧ್ಯಾಯದಲ್ಲಿ. ದೇಹ ತುಂಬಿಕೊಳ್ಳುವುದಕ್ಕೂ ಸೊರಗುವುದಕ್ಕೂ ಆಹಾರದಷ್ಟೇ ನಿದ್ರೆಯೂ ಕಾರಣ ಎಂಬುದು ಅಲ್ಲಿಯ ಅಭಿಪ್ರಾಯ. ಹಗಲುನಿದ್ದೆ ವೃದ್ಧರಿಗೆ ಸಲ್ಲುತ್ತದೆ, ಕೊಬ್ಬು ಬೆಳೆದವರಿಗೆ ಸಲ್ಲದು ಎಂದೂ ಹೇಳಿದೆ. ಕೊಬ್ಬು ಬೆಳೆದ ವೃದ್ಧನೊಬ್ಬ ಏನು ಮಾಡಬೇಕೆಂಬ ಕೀಟಲೆಯ ಪ್ರಶ್ನೆ ನನಗೆ ಆಗಾಗ ಏಳುವುದುಂಟು.

1956ರಲ್ಲಿ ಅಮೆರಿಕದ ಬರ್ವೆಲ್ ಮತ್ತು ಸಂಗಡಿಗರು ಒಂದು ವೈದ್ಯಕೀಯ ಲೇಖನ ಪ್ರಕಟಿಸಿದರು. ಐವತ್ತು ದಾಟಿದ ಸ್ಥೂಲಕಾಯದ ವ್ಯವಹಾರಸ್ಥನೊಬ್ಬ ಇಸ್ಪೀಟು ಆಡುವಾಗ ಗೆಲ್ಲುವಂಥ ಎಲೆಗಳು, ಮೂರು ಎಕ್ಕ ಎರಡು ರಾಜ, ಕೈಗೆ ಬಂದಿದ್ದರೂ ನಿದ್ದೆ ಹೋಗಿ ಆಟ ಕಳೆದುಕೊಂಡ. ಅದಾದ ಕೆಲದಿನಗಳಲ್ಲಿ ಆಸ್ಪತ್ರೆ ಸೇರಿದ. ಆಹಾರ ತಗ್ಗಿಸಿ ತೂಕ ಇಳಿಸಿದಾಗ ತೂಕಡಿಕೆಯೂ ಹೋಯಿತು. ವೈದ್ಯರು ಜೋನನ್ನು ನೆನೆದು ಇದಕ್ಕೆ ‘ಪಿಕ್‌ವಿಕಿಯನ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ನಾನು ಇಟ್ಟದ್ದೂ ಅದೇ ಹೆಸರು. ಅವರದ್ದು ರೋಗಕ್ಕೆ, ನನ್ನದು ರೋಗಿಗೆ. ಮೈಯ ಭಾರದಿಂದ ಉಸಿರಾಟ ಕುಗ್ಗಿ ಇಂಗಾಲದ ಡೈಆಕ್ಸೈಡ್ ರಕ್ತದಲ್ಲಿ ಉಳಿಯುವುದೇ ಮಂಪರಿಗೆ ಕಾರಣವೆಂದು ಅವರು ಬಗೆದರು.

ಇಂಥವರ ಹಗಲನ್ನೇ ಎಲ್ಲರೂ ನೋಡುತ್ತಿದ್ದರು, ಇರುಳನ್ನು ನೋಡಿರಲಿಲ್ಲ. 1965ರಲ್ಲಿ ಫ್ರಾನ್ಸಿನ ಮಾರ್ಸೇಯಲ್ಲಿ ಗಾಸ್ತೋ ಮತ್ತು ಸಂಗಡಿಗರು, ಜರ್ಮನಿಯಲ್ಲಿ ಯುಂಗ್ ಮತ್ತು ಕೂಲೊ, ಇಂಥ ರೋಗಿಗಳು ಮಲಗಿದ್ದಾಗಿನ ಉಸಿರನ್ನು ದಾಖಲಿಸಿದರು. ನಿದ್ದೆಯಲ್ಲಿ ಉಸಿರು ಮತ್ತೆ ಮತ್ತೆ ನಿಲ್ಲುತ್ತಿತ್ತು; ಪ್ರತಿ ಸಲವೂ ಮಿದುಳು ಅರೆಕ್ಷಣ ಎಚ್ಚೆತ್ತು ಉಸಿರನ್ನು ಮರಳಿಸುತ್ತಿತ್ತು. ರಾತ್ರಿಯಿಡೀ ಮಲಗಿದವನು ರಾತ್ರಿಯಿಡೀ ಎದ್ದೇ ಇರುತ್ತಿದ್ದ. ಬೆಳಗ್ಗೆ ಅವನಿಗೆ ಅದರ ನೆನಪೂ ಇರುತ್ತಿರಲಿಲ್ಲ.

ನಂತರದ ಕಥೆ ಬೇಗ ಸಾಗುತ್ತದೆ. ಮೂಗಿಗೆ ಕವಚ ಕಟ್ಟಿ ಹದವಾದ ಒತ್ತಡದಲ್ಲಿ ಗಾಳಿ ಹಾಯಿಸಿದರೆ ಗಂಟಲು ಮುಚ್ಚಿಕೊಳ್ಳದೆಂದು ಆಸ್ಟ್ರೇಲಿಯದ ಕಾಲಿನ್ ಸಲಿವನ್ 1981ರಲ್ಲಿ ತೋರಿಸಿದರು. ತೂಕ ನಿದ್ದೆಯನ್ನು ಕೆಡಿಸುವಂತೆ, ಕೆಟ್ಟ ನಿದ್ದೆ ತೂಕವನ್ನು ಏರಿಸುತ್ತದೆಯೇ ಎಂಬ ಪ್ರಶ್ನೆಯೂ ಎದ್ದಿತು. 2004ರಲ್ಲಿ ಷಿಕಾಗೋದ ಸಂಶೋಧಕರು 12 ಮಂದಿ ಆರೋಗ್ಯವಂತ ತರುಣರಿಗೆ ಎರಡು ರಾತ್ರಿ ನಾಲ್ಕೇ ಗಂಟೆ ಮಲಗಲು ಬಿಟ್ಟು, ಹತ್ತು ಗಂಟೆ ಮಲಗಲು ಬಿಟ್ಟಾಗಿನ ಸ್ಥಿತಿಯೊಡನೆ ಹೋಲಿಸಿದರು. ಹೊಟ್ಟೆ ತುಂಬಿತೆಂದು ತಿಳಿಸುವ ಲೆಪ್ಟಿನ್ ಶೇ. 18ರಷ್ಟು ಇಳಿದಿತ್ತು, ಹಸಿವನ್ನು ಕೆರಳಿಸುವ ಗ್ರೆಲಿನ್ ಶೇ. 28ರಷ್ಟು ಏರಿತ್ತು.

ಇವರೆಲ್ಲ ತರುಣರು. ನಮ್ಮಂಥ ಹಿರಿಯರ ಮಾತು 2008ರಲ್ಲಿ ಬಂತು. ಅಮೆರಿಕದಲ್ಲಿ ಸುಮಾರು ಮೂರು ಸಾವಿರ ವೃದ್ಧರ, ಅಷ್ಟೇ ಸಂಖ್ಯೆಯ ವೃದ್ಧೆಯರ ಮಣಿಕಟ್ಟಿಗೆ ಚಲನೆ ಅಳೆಯುವ ಸಾಧನ ಕಟ್ಟಿ ನಿದ್ದೆಯನ್ನು ಲೆಕ್ಕ ಹಾಕಿದರು. ಐದು ಗಂಟೆಗಿಂತ ಕಡಿಮೆ ಮಲಗುವವರಲ್ಲಿ ಬೊಜ್ಜು, ಏಳೆಂಟು ಗಂಟೆ ಮಲಗುವವರಿಗಿಂತ ಬಹಳ ಹೆಚ್ಚು ಕಂಡಿತು. ಯಾವುದು ಮೊದಲು ಎಂಬುದನ್ನು ಇಂಥ ಲೆಕ್ಕ ಹೇಳಲಾರದು. ಅಲ್ಲದೆ ವಯಸ್ಸಾದಂತೆ ಮಾಂಸಖಂಡ ಕರಗಿ ಕೊಬ್ಬು ಆ ಜಾಗ ತುಂಬುವುದರಿಂದ ತಕ್ಕಡಿಯ ಮುಳ್ಳನ್ನಷ್ಟೇ ನಂಬುವಂತಿಲ್ಲ. ಸಣಕಲು ಮೈಯವರಿಗೂ ಉಸಿರು ನಿಲ್ಲುವ ಕಾಯಿಲೆ ಬರುತ್ತದೆ. ಕಾರಣವಿಲ್ಲದೆ ತೂಕ ಇಳಿಯುವ ಮುದುಕರ ಸಮಸ್ಯೆಯಂತೂ ಬೇರೆಯೇ.

ಇದನ್ನೆಲ್ಲ ನಾನು ಓದಿದ್ದು ವಿದ್ಯಾವ್ಯಸನದಿಂದಲ್ಲ. ನಿವೃತ್ತಿಯ ಮೇಲೆ ನನ್ನ ತೂಕ ಹತ್ತು ಕೆ.ಜಿ. ಏರಿತು, ಹಗಲು ಪತ್ರಿಕೆ ಓದುತ್ತಲೇ ತೂಕಡಿಸುತ್ತಿದ್ದೆ. “ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ” ಎಂದು ನನ್ನನ್ನು ನಾನೇ ಹೊಗಳಿಕೊಳ್ಳುತ್ತಿದ್ದೆ. ಒಂದು ಬೆಳಗ್ಗೆ ನನ್ನಾಕೆ ಕಾಫಿಯ ಲೋಟ ಇಡುತ್ತ, “ರಾತ್ರಿ ನಿಮ್ಮ ಗೊರಕೆ ನಿಂತುಬಿಡುತ್ತೆ, ಉಸಿರೂ ಕೇಳಿಸೋದಿಲ್ಲ. ನಾನು ಎದ್ದು ಕೂತು ಕಾಯ್ತೀನಿ” ಎಂದಳು. ಎಷ್ಟು ದಿನದಿಂದ ಎಂದು ಕೇಳಿದೆ. “ಎರಡು ವರ್ಷವಾಯಿತು” ಎಂದಳು. ಪರೀಕ್ಷೆಯಾಯಿತು. ಈಗ ನಾನೂ ಮೂಗಿಗೆ ಕವಚ ಕಟ್ಟಿಕೊಂಡು ಮಲಗುತ್ತೇನೆ. ತೂಕ ನಾಲ್ಕು ಕೆ.ಜಿ. ಇಳಿದಿದೆ. ಅದು ಯಂತ್ರದ ಪುಣ್ಯವಲ್ಲ, ಎಚ್ಚರವಾಗಿರುವುದರಿಂದ ಸಂಜೆ ನಡೆಯಲು ಹೋಗುತ್ತಿದ್ದೇನೆ, ಅಷ್ಟೆ. ಆಕೆಯೂ ನಿದ್ದೆ ಮಾಡುತ್ತಾಳೆ.

ಚಿತ್ರಕಲೆಯ ಮೇಷ್ಟ್ರು ನಿವೃತ್ತರಾದದ್ದು 1981ರಲ್ಲಿ, ಸಲಿವನ್ನರ ಲೇಖನ ಪ್ರಕಟವಾದ ವರ್ಷವೇ. ಮೂರು ವರ್ಷದ ನಂತರ ಒಂದು ರಾತ್ರಿ ನಿದ್ದೆಯಲ್ಲೇ ತೀರಿಕೊಂಡರು. ಪುಣ್ಯವಂತರ ಸಾವು ಎಂದು ನಾವೆಲ್ಲ ಮಾತಾಡಿಕೊಂಡೆವು. ಅವರ ಮನೆಗೆ ಹೋಗಿದ್ದಾಗ ಅವರ ಹೆಂಡತಿಯನ್ನು ರಾತ್ರಿಗಳ ಬಗ್ಗೆ ಯಾರೂ ಏನೂ ಕೇಳಲಿಲ್ಲ.