ತಿದ್ದುಪಡಿ ಅರ್ಜಿಯ ಲೆಕ್ಕ ಬೆಳೆದು ಬಂದ ದಾರಿ

1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗ ಲೆಕ್ಕವೆಲ್ಲ ಕೈಬರಹದ್ದು. ನಮ್ಮ ಸಂಘವೂ ಹಾಗೇ ಶುರುವಾಯಿತು. ಹೆಸರು ತಪ್ಪಿದರೆ, ವಾರಸುದಾರರು ಬದಲಾದರೆ "ಒಂಚೂರು ತಿದ್ದಿಬಿಡ್ರಿ ಸೆಕ್ರೆಟ್ರಿಯವ್ರೇ" ಅಂತ ಬಾಯಲ್ಲಿ ಹೇಳಿ ಹೋಗುತ್ತಿದ್ದೆವು. ಹಾಗೆ ಹೇಳಿದ್ದೊಂದು ಮರೆತುಹೋಗಿ, ಒಬ್ಬ ತಾಯಿಗೆ ತೀರಿಹೋದ ಗಂಡನ ಷೇರು ಹಣ ಸಿಗಲು ಎರಡು ವರ್ಷ ಹಿಡಿಯಿತು. ಅದು ಆಡಳಿತ ಮಂಡಳಿಯವರಾದ ನಮ್ಮದೇ ತಪ್ಪು.

1979ರಲ್ಲಿ ಅಮೆರಿಕದಲ್ಲಿ ವಿಸಿಕ್ಯಾಲ್ ಬಂತು, 1985ರಲ್ಲಿ ಎಕ್ಸೆಲ್. ಖಾತೆ ಪುಸ್ತಕದ ಅಡ್ಡಗೆರೆ, ಉದ್ದಗೆರೆಯೇ ಕಂಪ್ಯೂಟರಿಗೆ ಏರಿತು. ಈಗ ನಾವೂ ಅದರಲ್ಲಿ ಅರ್ಜಿ ನಂಬರು, ತಾರೀಖು, ತಿದ್ದಬೇಕಾದ್ದು, ಆಧಾರದ ಕಾಗದ, ಯಾರ ಜವಾಬ್ದಾರಿ, ಮುಗಿದ ದಿನ ಎಂದು ಆರು ಕಾಲಂ ಮಾಡಿದ್ದೇವೆ. ಕೊನೆಯ ಕಾಲಂ ಖಾಲಿ ಇದ್ದರೆ ತಿಂಗಳ ಸಭೆಯಲ್ಲಿ ಓದಿ ಹೇಳುತ್ತೇವೆ. ಅರ್ಜಿ ಕೊಟ್ಟವರು ನಂಬರು ಕೇಳಿ ಪಡೆಯಿರಿ. ಅದು ನಿಮ್ಮ ಹಕ್ಕು.